ಮೌನದ ವಾರದಲ್ಲಿ ಒಂದು ಟಿ.ಸಿ.

ಈ ಏಪ್ರಿಲ್‌ನಲ್ಲಿ ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಜಾನ್ಸಿಯವರಿಗೆ ಬೇರೆ ಊರಿಗೆ ವರ್ಗವಾಗಿದೆ ಎಂದು ಗೊತ್ತಾದಾಗ ನನ್ನ ಬಾಯಿಂದ ಮೊದಲು ಬಂದ ಮಾತು, "ಸಿಸ್ಟರ್, ನಿಮ್ಮ ಫೋನ್ ನಂಬರ್ ಏನ್ ಮಾಡೂದ್ರಿ?" ಎಂಬುದು. ಉಳಿದ ಟೀಚರುಗಳ ಕಣ್ಣಲ್ಲಿ ಆಗಲೇ ನೀರು ಬಂದಿತ್ತು. ನನ್ನ ಮಾತಿಗೆ ಅವರೆಲ್ಲ ಅಳು ಬಿಟ್ಟು ನಕ್ಕರು.

"ಶಿವಲೀಲಾ ಟೀಚರ್‌ಗ ಸಿಸ್ಟರ್ ಹೋದ್ರೂ ನಡೀತೈತಿ, ಸಿಸ್ಟರ್ ಸಿಮ್ ಹೋಗಬಾರ್ದು ನೋಡ್ರಿ" ಎಂದಳು ಎರಡನೇ ತರಗತಿಯ ಟೀಚರ್ ಮಹಾದೇವಿ.

ನಾವಾಗ ಟ್ರಂಕ್ ಮುಚ್ಚುವ ಕೆಲಸದಲ್ಲಿದ್ದೆವು. ವರ್ಷ ಮುಗಿದ ಮೇಲೆ ಕ್ರಿಸ್‌ಮಸ್ ನಾಟಕದ ಬಟ್ಟೆಗಳನ್ನು, ದೇವದೂತರ ಹತ್ತಿಯ ರೆಕ್ಕೆಗಳನ್ನು, ಜೋಸೆಫನ ಕಂಬಳಿಯನ್ನು ಒಗೆದು ಒಣಗಿಸಿ, ನಡುನಡುವೆ ಡಾಂಬರು ಗುಳಿಗೆ ಹಾಕಿ ಇಡುವುದು ನಮ್ಮ ಶಾಲೆಯಲ್ಲಿ ಮೊದಲಿನಿಂದಲೂ ಇದ್ದದ್ದು. ಆ ಗುಳಿಗೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಎರಡು ವರ್ಷದ ಹಿಂದಿನ ಆ ಬೇಸಿಗೆ ಬಂದು ಮುಂದೆ ನಿಲ್ಲುತ್ತದೆ. ಎರಡು ವರ್ಷವಾದರೂ ಅದನ್ನು ನೆನೆದರೆ ಈಗಲೂ ಹಲ್ಲು ಕಡಿಯುವ ಹಾಗಾಗುತ್ತದೆ.

ನಮ್ಮದು ಕುಷ್ಟಗಿಯಲ್ಲಿ ಸಿಸ್ಟರುಗಳು ನಡೆಸುವ ಸಣ್ಣ ಶಾಲೆ. ಒಂದರಿಂದ ಐದರವರೆಗೆ. ಊರಲ್ಲಿ ಕ್ರೈಸ್ತರ ಮನೆಗಳು ಒಂದು ಕೈಯ ಬೆರಳೆಣಿಕೆಗೂ ಪೂರ್ತಿ ಸಾಲುವುದಿಲ್ಲ. ಮಕ್ಕಳೆಲ್ಲ ನಮ್ಮವರು, ಸಾಬರವರು, ಸುತ್ತಲಿನ ಹಳ್ಳಿಯವರು. ನಾನು ಹತ್ತೊಂಬತ್ತು ವರ್ಷದಿಂದ ಐದನೇ ತರಗತಿಗೆ ಟೀಚರ್. ಗುಮಾಸ್ತರಿಲ್ಲವಾದ್ದರಿಂದ ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ, ಬೀರುವಿನ ಕೀಲಿಕೈ ಎಲ್ಲ ನನ್ನ ಕೈಯಲ್ಲೇ. ಯಾವ ಮಗು ಯಾವ ದಿನ ಯಾವ ನೆಪ ಹೇಳಿ ತಪ್ಪಿಸಿತು ಎಂಬುದನ್ನೂ ಬರೆದಿಟ್ಟುಕೊಳ್ಳುವ ಅಭ್ಯಾಸ ನನಗೆ. ಅಂಥ ನಾನೇ ಆ ವರ್ಷ ಎಡವಿದೆ.

ಆಗ ಹೆಡ್‌ಮಿಸ್ಟ್ರೆಸ್ ಆಗಿದ್ದವರು ಸಿಸ್ಟರ್ ಲೀನಾ. ಕರಾವಳಿಯವರು. ಏಳು ವರ್ಷ ನಮ್ಮಲ್ಲಿದ್ದು, ಮಾತಿನ ಕೊನೆಗೊಂದು "ರಿ" ಅಂಟಿಸುವುದನ್ನು ಕಲಿತಿದ್ದರು. ಬೇಕಾದಲ್ಲಿ ಅಂಟಿಸುತ್ತಿದ್ದರು, ಬೇಡವಾದಲ್ಲೂ ಅಂಟಿಸುತ್ತಿದ್ದರು. ಒಮ್ಮೆ ಕ್ಲಾಸಿಗೆ ನುಗ್ಗಿದ ನಾಯಿಗೆ "ಹೋಗ್ರಿ ಹೊರಗೆ" ಎಂದದ್ದನ್ನು ಮಕ್ಕಳು ವರ್ಷವಿಡೀ ಆಡಿಕೊಂಡವು. ಐದನೇ ತರಗತಿಯ ಮಕ್ಕಳು ಕೊನೆಯ ದಿನ ತಾವು ಕೂತ ಬೆಂಚನ್ನು ತಾವೇ ತೊಳೆದು ಹೋಗಬೇಕು ಎಂಬ ನಿಯಮ ಅವರದೇ.

ಆ ವರ್ಷ ನನ್ನ ಕ್ಲಾಸಿನಲ್ಲಿ ರೇಷ್ಮಾ ಎಂಬ ಹುಡುಗಿ ಇದ್ದಳು. ಅಪ್ಪ ಮಾಬುಸಾಬ, ಹತ್ತಿ ಹಿಂಜಿ ಗಾದಿ ಹೊಲಿಯುವವನು. ಹುಬ್ಬಿನ ಮೇಲೆ ಯಾವಾಗಲೂ ಒಂದಿಷ್ಟು ಹತ್ತಿ ಹಾರಿ ಕೂತಿರುತ್ತಿತ್ತು. ರೇಷ್ಮಾ ಲೆಕ್ಕದಲ್ಲಿ ಎಷ್ಟು ಚುರುಕೆಂದರೆ, ನಾನು ಬೋರ್ಡಿನ ಮೇಲೆ ಬರೆದು ಮುಗಿಸುವುದರೊಳಗೆ ಉತ್ತರ ಹೇಳಿ, "ಟೀಚರ್ರಿ, ಎರಡನೇ ಸಾಲಿನ್ಯಾಗ ನೀವು ತಪ್ಪ್ ಮಾಡೀರಿ" ಎನ್ನುತ್ತಿದ್ದಳು. ಸಿಸ್ಟರ್ ಲೀನಾ ಅವಳನ್ನು ಸರ್ಕಾರಿ ವಸತಿ ಶಾಲೆಯ ಆರನೇ ತರಗತಿಯ ಪ್ರವೇಶ ಪರೀಕ್ಷೆಗೆ ಕೂರಿಸಿದರು. ನವೆಂಬರಿನಿಂದ ದಿನಾ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕಾನ್ವೆಂಟಿನ ಪಡಸಾಲೆಯಲ್ಲಿ ಒಂದು ತಾಸು ಹೇಳಿಕೊಡುತ್ತಿದ್ದರು. ಹನ್ನೆರಡನೇ ತರಗತಿಯವರೆಗೆ ಊಟ, ವಸತಿ, ಓದು ಎಲ್ಲ ಅಲ್ಲೇ. ರೇಷ್ಮಾಳ ತಲೆಯ ಮೇಲೆ ಇಬ್ಬರು ಅಕ್ಕಂದಿರು. ಇಬ್ಬರೂ ಏಳನೆಯದಕ್ಕೇ ಶಾಲೆ ಬಿಟ್ಟು ಗಾದಿಗೆ ದಾರ ಹಾಕುತ್ತಿದ್ದರು. ಮೂರನೆಯವಳು ಬಿಡಬಾರದು ಎಂಬುದು ಸಿಸ್ಟರ್ ಹಟ. ಮಾಬುಸಾಬನೂ ಬಾಯಿಬಿಟ್ಟು ಹೇಳಿದ್ದ: "ಮನ್ಯಾಗ ಇದ್ರ ನಾನಽ ಬಿಡಿಸಿಬಿಡ್ತೀನ್ರಿ ಅಕ್ಕೋರ, ನನ್ನ ಮ್ಯಾಲ ನನಗಽ ನಂಬಿಕಿ ಇಲ್ಲ. ದೂರ ಇದ್ರ ಓದತಾಳ."

ಮಾರ್ಚ್‌ನಲ್ಲಿ ಒಂದು ದಿನ ಸಿಸ್ಟರ್ ನನ್ನನ್ನು ಕೇಳಿದರು: "ಐದನೇದವರ ಟಿ.ಸಿ. ಎಲ್ಲ ಈಗಲೇ ತೆಗೆದುಬಿಡುವನಾ ಟೀಚರ್?"

ಬೇಡ ಎಂದವಳು ನಾನು. ನಮ್ಮಲ್ಲಿ ಟಿ.ಸಿ. ಮುಂಚೆ ತೆಗೆದರೆ ಯಾರೂ ಒಯ್ಯುವುದಿಲ್ಲ. "ಇಲ್ಲೇ ಇರಲಿ ಬಿಡ್ರಿ ಅಕ್ಕೋರ, ಮನ್ಯಾಗ ಇಲಿ ಕಡೀತಾವು" ಎನ್ನುತ್ತಾರೆ. ದಸರೆಯವರೆಗೂ ಬೀರುವಿನಲ್ಲಿ ಕೂತಿರುತ್ತವೆ. ನಡುವೆ ಯಾರದೋ ಹುಟ್ಟಿದ ತಾರೀಖು ತಪ್ಪೆಂದು ಮತ್ತೆ ರದ್ದು ಮಾಡುವ ಗೋಳು ಬೇರೆ. ಬಂದವರಿಗೆ ಬಂದ ಹಾಗೆ ತೆಗೆದು ಕೊಡುವುದು ನಮ್ಮ ಪದ್ಧತಿ. "ಮೇ ತಿಂಗಳದಾಗ ನಾ ಹ್ಯಾಂಗೂ ಬರ್ತೀನಲ್ರಿ" ಎಂದೆ. ಸಿಸ್ಟರ್ ತಲೆಯಾಡಿಸಿದರು. ತಮಗೆ ವರ್ಗದ ಪತ್ರ ಬರಬಹುದು ಎಂಬ ಅನುಮಾನ ಅವರಿಗೆ ಆಗಲೇ ಇತ್ತೆಂದು ಈಗ ನನಗನ್ನಿಸುತ್ತದೆ. ಆದರೆ ಅದನ್ನವರು ಹೇಳುವ ಹಾಗಿಲ್ಲ. ಅವರಲ್ಲಿ ವರ್ಗದ ಪತ್ರ ಬಂದರೂ ಓದಿ ಮಡಚಿ ಇಟ್ಟುಕೊಳ್ಳಬೇಕು. ವರ್ಷದ ಕೊನೆಯ ಪ್ರಾರ್ಥನೆಯಲ್ಲಿ ಫಾದರ್ ಹೇಳುವವರೆಗೆ ಯಾರಿಗೂ ತಿಳಿಯಬಾರದು. ಫಲಿತಾಂಶದ ದಿನ ಬೆಳಗಿನಿಂದ ನಗುನಗುತ್ತ ಅಂಕಪಟ್ಟಿ ಹಂಚಿದ ಸಿಸ್ಟರ್, ಮಧ್ಯಾಹ್ನ ಹನ್ನೆರಡಕ್ಕೆ ನಮ್ಮವರಲ್ಲ ಎಂದಾಯಿತು. ಮೂರೇ ದಿನದಲ್ಲಿ ಹೊರಟರು. ಒಂದು ಸೂಟ್‌ಕೇಸು, ಒಂದು ರಟ್ಟಿನ ಡಬ್ಬಿ ಪುಸ್ತಕ. ಯಾರೋ ತೋಟದಿಂದ ತಂದುಕೊಟ್ಟ ಒಂದು ಪುಟ್ಟಿ ದಾಳಿಂಬೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ಕಳಿಸಲು ಬಂದ ಮಕ್ಕಳಿಗೇ ಹಂಚಿಬಿಟ್ಟರು. ರೇಷ್ಮಾ ತನ್ನ ಹಣ್ಣನ್ನು ಬಸ್ಸಿನ ಕಿಟಕಿಯೊಳಗೆ ವಾಪಸ್ ತುರುಕಿದಳು.

ಮುಂದಿನ ವಾರ ಸಿಸ್ಟರ್ ಜಾನ್ಸಿ ಬಂದರು. ಕೇರಳದವರು, ಚಿಕ್ಕ ವಯಸ್ಸು, ಎಲ್ಲವೂ ನಿಯಮದ ಪ್ರಕಾರ ಆಗಬೇಕೆನ್ನುವವರು. ಮೇ ತಿಂಗಳ ಒಂದು ಸೋಮವಾರ ವಸತಿ ಶಾಲೆಯ ಪಟ್ಟಿ ಬಂತು. ರೇಷ್ಮಾಳ ಹೆಸರಿತ್ತು! ಮಾಬುಸಾಬ ಹುಬ್ಬಿನ ಹತ್ತಿಯ ಸಮೇತ ಓಡಿಬಂದ. ಶನಿವಾರ ಸಂಜೆ ನಾಲ್ಕರೊಳಗೆ ಅಸಲು ಟಿ.ಸಿ. ಸಮೇತ ಕೊಪ್ಪಳದಲ್ಲಿ ಹಾಜರಾಗಬೇಕು, ಇಲ್ಲದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ.

"ಐದು ನಿಮಿಷದ ಕೆಲಸ, ಕುಂದರ್ರಿ" ಎಂದು ಅವನನ್ನು ಬೆಂಚಿನ ಮೇಲೆ ಕೂರಿಸಿ ಕಂಪ್ಯೂಟರ್ ಹಚ್ಚಿದೆ. ಟಿ.ಸಿ. ಈಗ ಕೈಯಲ್ಲಿ ಬರೆದು ಕೊಡುವಂಥದ್ದಲ್ಲ. ಇಲಾಖೆಯ ಆನ್‌ಲೈನ್ ಪುಟದಲ್ಲಿ ಮಗುವಿನ ನಂಬರ್ ಹಾಕಿ ಒತ್ತಿದರೆ, ಹೆಡ್‌ಮಿಸ್ಟ್ರೆಸ್ ಫೋನಿಗೆ ಓಟಿಪಿ ಹೋಗುತ್ತದೆ. ಆ ಓಟಿಪಿ ಹೊಡೆದರೆ ಟಿ.ಸಿ. ಬರುತ್ತದೆ. ಒತ್ತಿದೆ. ಓಟಿಪಿ ಹೋಯಿತು, ಸಿಸ್ಟರ್ ಲೀನಾರ ಫೋನಿಗೆ. ಅವರ ಫೋನ್ ಸ್ವಿಚ್ ಆಫ್.

"ಸಿಸ್ಟರ್ ಲೀನಾ ಧ್ಯಾನದಲ್ಲಿ ಇದ್ದಾರೆ" ಎಂದರು ಸಿಸ್ಟರ್ ಜಾನ್ಸಿ. "ಎಂಟು ದಿನ ಮೌನ. ಫೋನ್ ಕೊಟ್ಟುಬಿಡಬೇಕು. ಭಾನುವಾರ ಮುಗಿಯುತ್ತೆ."

"ಶನಿವಾರ ಕೊನೇ ದಿನಾರಿ ಸಿಸ್ಟರ್."

"ಒಂದೇ ದಿನ ಅಲ್ವಾ ಟೀಚರ್? ಅವರು ಕಾಯಲ್ವಾ?"

ಮಂಗಳವಾರ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆ. ಸಿಸ್ಟರ್ ಜಾನ್ಸಿಯವರ ನಂಬರ್ ಹಾಕಿಸಿದರೆ ಮುಗಿಯಿತಲ್ಲ ಎಂದು ನನ್ನ ಲೆಕ್ಕ. ಕಂಪ್ಯೂಟರಿನ ಹುಡುಗ ಒಳ್ಳೆಯವನೇ. ಚಹಾ ತರಿಸಿದ. ಆಮೇಲೆ ಹೇಳಿದ: "ಹೊಸಾ ನಂಬರ್ ಹಾಕಾಕ ಹಳೇ ನಂಬರಿಗೆ ಓಟಿಪಿ ಹೋಗತೈತ್ರಿ ಮೇಡಮ್."

ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ನಗು ಬಂದದ್ದು ಅವನಿಗೊಬ್ಬನಿಗೇ.

"ಮತ್ತ ಇದಕ್ಕ ಬ್ಯಾರೇ ದಾರಿ ಇಲ್ಲೇನಪಾ?"

"ಬೆಂಗಳೂರಿಗೆ ಅರ್ಜಿ ಹಾಕ್ತೀನ್ರಿ. ಶುಕ್ರವಾರ ಅನ್ನೂದ್ರೊಳಗ ಮಾಡಸ್ತೀನಿ, ನೀವೇನ್ ಕಾಳಜಿ ಮಾಡಬ್ಯಾಡ್ರಿ."

ಮಾಡಬೇಡಿ ಎಂದದ್ದಕ್ಕೆ ನಾನು ಮಾಡಲಿಲ್ಲ. ಇದು ನನ್ನ ಎರಡನೇ ತಪ್ಪು. ತಾಳ್ಮೆ ಇದ್ದವಳು ಎಂದು ಮನೆಯಲ್ಲೂ ಶಾಲೆಯಲ್ಲೂ ಹೊಗಳಿಸಿಕೊಂಡೇ ಬೆಳೆದವಳು ನಾನು. ಆ ವಾರ ನನಗೆ ಬೇಕಾಗಿದ್ದದ್ದು ತಾಳ್ಮೆಯಲ್ಲ. ಬುಧವಾರ ಧ್ಯಾನ ಮಂದಿರದ ಫೋನ್ ನಂಬರ್ ಹುಡುಕಿ ಮಾತಾಡಿದೆ. ಹೊಸಪೇಟೆ ದಾಟಿ ಗುಡ್ಡದ ಬುಡದಲ್ಲಿರುವ ಜಾಗ ಅದು. ಫೋನೆತ್ತಿದ ಸಿಸ್ಟರ್ ಮೆಲ್ಲನೆ, ಬಹಳ ಮೆಲ್ಲನೆ ಕೇಳಿದರು: "ಯಾರಾದರೂ ತೀರಿಕೊಂಡಿದ್ದಾರಾ?"

"ಇಲ್ರಿ, ಒಂದು ಟಿ.ಸಿ..."

"ತೀರಿಕೊಂಡಿದ್ದರೆ ಮಾತ್ರ ಕರೆಯುತ್ತೇವೆ."

ಆ ಒಂದು ಗಳಿಗೆ ಯಾರನ್ನು ಸಾಯಿಸಲಿ ಎಂದು ನಾನು ನಿಜವಾಗಿಯೂ ಯೋಚಿಸಿದೆ. ನಮ್ಮ ಅತ್ತೆ ಎದುರಿಗೇ ಕೂತು ಶೇಂಗಾ ಸುಲಿಯುತ್ತಿದ್ದರು. ಬಾಯಿ ಬರಲಿಲ್ಲ. ಫೋನ್ ಇಟ್ಟೆ.

"ಯಾರದಽ ಫೋನು?" ಎಂದರು ಅತ್ತೆ.

"ನಿಮ್ಮ ಆಯುಷ್ಯ ಗಟ್ಟಿ ಐತ್ರಿ" ಎಂದು ಒಳಗೆ ಹೋದೆ.

ಗುರುವಾರ ಸಿಸ್ಟರ್ ಜಾನ್ಸಿಯವರ ಜೊತೆ ವಾದ ಮಾಡಿದೆ. ಅವರಾದರೂ ಫೋನ್ ಮಾಡಿ ಕೇಳಬಹುದಲ್ಲ? ಮೌನ ಮುರಿಸುವುದು ದೊಡ್ಡ ತಪ್ಪು, ತಾವು ಹೊಸದಾಗಿ ಬಂದವರು, ಮೇಲಿನವರು ಏನೆನ್ನುತ್ತಾರೆ ಎಂದರು. ಪಾಪ, ಅವರಿಗೂ ಭಯ. ಆದರೆ ಆಗ ಪಾಪ ಎನ್ನಿಸಲಿಲ್ಲ. ಶುಕ್ರವಾರ ಸಂಜೆ ಐದಕ್ಕೆ ಕಚೇರಿಯ ಹುಡುಗ ಫೋನ್ ಮಾಡಿದ: "ಬೆಂಗಳೂರಾಗ ಸಾಹೇಬ್ರು ರಜಾದ ಮ್ಯಾಲೆ ಅದಾರಂತ್ರಿ. ಸೋಮವಾರ ಆಗತೈತಿ."

ಶನಿವಾರ ಬೆಳಿಗ್ಗೆ ಆರರ ಬಸ್ಸಿಗೆ ಹತ್ತಿದೆ. ಸಿಸ್ಟರ್ ಜಾನ್ಸಿಗೆ ಹಿಂದಿನ ಸಂಜೆಯೇ ಹೇಳಿದ್ದೆ: "ನೀವು ಫೋನ್ ಮಾಡಬ್ಯಾಡ್ರಿ, ಮೌನಾನೂ ಮುರೀಬ್ಯಾಡ್ರಿ. ಒಂಬತ್ತರಿಂದ ಕಂಪ್ಯೂಟರ್ ಮುಂದ ಕುಂದರ್ರಿ, ನಾ ಹೇಳಿದಾಗ ಒತ್ರಿ. ಅಷ್ಟ ಮಾಡ್ರಿ." ಹಾಗೆ ನಾನು ಯಾವ ಸಿಸ್ಟರಿಗೂ ಅದುವರೆಗೆ ಮಾತಾಡಿರಲಿಲ್ಲ. ಅವರು ತುಟಿಪಿಟಕ್ಕೆನ್ನದೆ ಒಪ್ಪಿದರು. ಮಾಬುಸಾಬ ಹೆಂಡತಿಯ ತಮ್ಮನ ಬೈಕ್ ತಂದು, ರೇಷ್ಮಾಳನ್ನೂ ಅವಳ ಬಟ್ಟೆಯ ಚೀಲವನ್ನೂ ಹತ್ತಿಸಿಕೊಂಡು ಶಾಲೆಯ ಗೇಟಿನಲ್ಲಿ ಕಾಯಬೇಕೆಂದಾಯಿತು. ಓಟಿಪಿ ಬಂದರೆ ಹತ್ತು ನಿಮಿಷ ಮಾತ್ರ ಜೀವ. ಆ ತುದಿಯಲ್ಲಿ ಒತ್ತಬೇಕು, ಈ ತುದಿಯಲ್ಲಿ ಓದಬೇಕು.

ಒಂಬತ್ತೂವರೆಗೆ ಧ್ಯಾನ ಮಂದಿರದ ಗೇಟು. ಪ್ರವಚನ ನಡೆದಿದೆ, ಹನ್ನೊಂದಕ್ಕೆ ಮುಗಿಯುತ್ತದೆ ಎಂದು ಅದೇ ಮೆಲುದನಿಯ ಸಿಸ್ಟರ್ ನನ್ನನ್ನು ಒಂದು ತಂಪು ಕೋಣೆಯಲ್ಲಿ ಕೂರಿಸಿದರು. ಎಲ್ಲೆಲ್ಲೂ ಮೌನ. ಫ್ಯಾನಿನ ಸಪ್ಪಳವೂ ತಪ್ಪೆನ್ನುವಂಥ ಮೌನ. ಸಿಸ್ಟರುಗಳು ಬೇವಿನ ಗಿಡದ ಕೆಳಗೆ ಒಬ್ಬೊಬ್ಬರೇ ಓಡಾಡುತ್ತಿದ್ದರು. ನನ್ನ ಫೋನ್ ಮಾತ್ರ ಹತ್ತು ನಿಮಿಷಕ್ಕೊಮ್ಮೆ ಗುರ್ರೆನ್ನುತ್ತಿತ್ತು: "ಅಕ್ಕೋರ, ಬಂತೇನ್ರಿ?"

ಹನ್ನೊಂದೂಕಾಲಿಗೆ ಸಿಸ್ಟರ್ ಲೀನಾ ಬಾಗಿಲಲ್ಲಿ ನಿಂತರು. ಕೃಶವಾಗಿದ್ದರು. ನಿಯಮದಂತೆ ಕೈಮುಗಿದು ಸುಮ್ಮನೆ ನಿಂತರು. ನಾನು, "ಸಿಸ್ಟರ್, ಪಟ್ಟಿ ಬಂತ್ರಿ" ಎಂದೆ, ಅಷ್ಟೇ.

"ರೇಷ್ಮಾದಾ?" ಎಂದರು. ಆರು ದಿನ ಆಡದ ಗಂಟಲು, ದನಿ ಒಡೆದಿತ್ತು. ಬಾಗಿಲಲ್ಲಿದ್ದ ಮೆಲುದನಿಯ ಸಿಸ್ಟರ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ಫೋನುಗಳೆಲ್ಲ ಒಂದು ಕಪಾಟಿನಲ್ಲಿ. ಕಪಾಟಿನ ಕೀಲಿ ಮೇಲ್ವಿಚಾರಕಿ ಸಿಸ್ಟರ್ ಹತ್ತಿರ. ಅವರು ತರಕಾರಿ ತರಲು ಹೊಸಪೇಟೆಗೆ ಹೋಗಿದ್ದಾರೆ. ಬಂದದ್ದು ಒಂದಕ್ಕೆ. ಬಂದವರು ಮೊದಲು ಕಾರಣ ಕೇಳಿದರು. ಸಿಸ್ಟರ್ ಲೀನಾ ಹೇಳಿದರು. ಮತ್ತೊಮ್ಮೆ ಕೇಳಿದರು. ಸಿಸ್ಟರ್ ಲೀನಾ, "ಮದರ್, ಆಮೇಲೆ ನನಗೆ ಏನು ಶಿಕ್ಷೆ ಬೇಕಾದರೂ ಕೊಡಿ, ಈಗ ಕೀಲಿ ಕೊಡಿ" ಎಂದರು. ಕಪಾಟು ತೆರೆಯಿತು. ಫೋನು ಬಂತು. ಹತ್ತುತ್ತಿಲ್ಲ, ಬ್ಯಾಟರಿ ಸತ್ತುಹೋಗಿದೆ. ಚಾರ್ಜಿಗೆ ಹಾಕಿ ನಾವಿಬ್ಬರೂ ಒಲೆಯ ಮೇಲಿನ ಹಾಲನ್ನು ಕಾಯುವವರ ಹಾಗೆ ಅದನ್ನೇ ನೋಡುತ್ತ ನಿಂತೆವು.

ಒಂದೂ ನಲವತ್ತಕ್ಕೆ ಫೋನ್ ಎದ್ದಿತು. "ಒತ್ರಿ ಸಿಸ್ಟರ್" ಎಂದೆ. ಆ ಕಡೆಯಿಂದ ಸಿಸ್ಟರ್ ಜಾನ್ಸಿ, "ಟೀಚರ್, ಕರೆಂಟ್ ಹೋಯ್ತು" ಎಂದರು.

ಆಗ ನಾನು ಕೂಗಿದೆ. ಆ ಮೌನದ ಮನೆಯಲ್ಲಿ, ಬೇವಿನ ಗಿಡದ ಕೆಳಗಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ: "ಬಸ್‌ಸ್ಟ್ಯಾಂಡ್ ಮುಂದ ಝೆರಾಕ್ಸ್ ಅಂಗಡಿ ಐತ್ರಿ, ಇನ್ವರ್ಟರ್ ಐತಿ, ಓಡ್ರಿ! ಮಾಬುಸಾಬನ ಬೈಕ್ ಹತ್ರಿ!"

ಸಿಸ್ಟರ್ ಜಾನ್ಸಿ ಮಾಬುಸಾಬನ ಬೈಕಿನ ಹಿಂದೆ ಕೂತು ಊರ ನಡುವೆ ಹೋದದ್ದನ್ನು ಕುಷ್ಟಗಿಯವರು ಇವತ್ತಿಗೂ ನೆನೆಸುತ್ತಾರೆ. ಅಂಗಡಿಯಲ್ಲಿ ನೆಟ್ ನಿಧಾನ. ಮೊದಲ ಓಟಿಪಿ ಬಂದು, ನಾನು ಓದಿ, ಅವರು ಹೊಡೆಯುವುದರೊಳಗೆ ಅವಧಿ ಮುಗಿಯಿತು. ಎರಡನೆಯದು ಹೊಂದಿತು. ಎರಡೂ ಮುಕ್ಕಾಲಿಗೆ ಟಿ.ಸಿ. ಬಂತು. ಸಹಿ ಆಯಿತು. ಶಿಕ್ಕಾ ಶಾಲೆಯಲ್ಲೇ ಉಳಿದಿತ್ತು! ಮತ್ತೆ ಶಾಲೆಗೆ, ಮತ್ತೆ ಶಾಯಿ ಒಣಗಿದ ಪ್ಯಾಡಿಗೆ ನೀರು. ಮಾಬುಸಾಬ ರೇಷ್ಮಾಳನ್ನು ಕೂರಿಸಿಕೊಂಡು ಊರು ಬಿಟ್ಟಾಗ ಮೂರು ಗಂಟೆ ದಾಟಿತ್ತು. ಕೊಪ್ಪಳಕ್ಕೆ ಬೈಕಿನಲ್ಲಿ ಎಷ್ಟು ಓಡಿಸಿದರೂ ಒಂದು ತಾಸಿನ ಮೇಲೆ.

ನಾನು ಕುಷ್ಟಗಿಯ ಬಸ್ಸಿಗೆ ಹೋಗಬಹುದಿತ್ತು. ಹೋಗಲಿಲ್ಲ. ಸಿಸ್ಟರ್ ಲೀನಾ ಮತ್ತು ನಾನು ಆ ತಂಪು ಕೋಣೆಯಲ್ಲಿ ಎದುರುಬದುರು ಕೂತೆವು. ಅವರು ಮತ್ತೆ ಮಾತು ನಿಲ್ಲಿಸಿದ್ದರು. ಜಪಮಾಲೆಯ ಮಣಿ ಮಾತ್ರ ಸರಿಯುತ್ತಿತ್ತು. ನಾಲ್ಕೂವರೆಗೆ ಫೋನ್ ಬಂತು.

"ಅಕ್ಕೋರ" ಎಂದ ಮಾಬುಸಾಬ. ಮುಂದೆ ಹೇಳುವುದು ಬೇಕಿರಲಿಲ್ಲ. "ಇಪ್ಪತ್ತು ನಿಮಿಷ ತಡ ಆತ್ರಿ. ಮುಂದಿನ ಹೆಸರು ಕರದುಬಿಟ್ಟಿದ್ರು. ಯಲಬುರ್ಗಾ ಕಡೀ ಹುಡುಗಿ. ಅವರಪ್ಪ ಬೆಳಗಿನಿಂದ ಗ್ವಾಡಿಗೆ ಆತು ನಿಂತಿದ್ನಂತ, ಯಾರರ ಬರೂದು ತಪ್ಪಿದ್ರ ನಮಗ ಸಿಕ್ಕೀತು ಅಂತ. ಅವನಽ ನಮಗ ಚಾ ಕುಡಿಸಿದ್ರಿ."

"ಜಗಳಾ ಮಾಡಬೇಕಿತ್ತಲ್ರಿ ಮಾಬುಸಾಬ್ರ!"

"ಯಾರ ಜೋಡಿ ಮಾಡ್ಲಿ ಅಕ್ಕೋರ? ಅದೂ ಒಂದು ಹೆಣ್ಣುಹುಡುಗಿನಽ."

ನಾನು ಸಿಸ್ಟರ್ ಕಡೆ ತಿರುಗಿದೆ. "ಹೋತ್ರಿ" ಎಂದೆ. ಅವರು ಏನಾದರೂ ಅನ್ನಲಿ ಎಂದು ಕಾದೆ. ನಿಯಮ ಮುರಿದಾಗಿತ್ತು, ಇನ್ನೊಂದು ಮಾತಿಗೆ ಯಾವ ಅಡ್ಡಿಯೂ ಇರಲಿಲ್ಲ. ಅವರ ಬೆರಳು ಜಪಮಾಲೆಯ ಮುಂದಿನ ಮಣಿಗೆ ಸರಿಯಿತು. "ನಾ ಮಾರ್ಚ್‌ದಾಗ ಬ್ಯಾಡ ಅಂದಾಗ ನೀವು ನನ್ನ ಮಾತು ಯಾಕ ಕೇಳಿದ್ರಿ ಸಿಸ್ಟರ್? ನನಗ ಗೊತ್ತಿರಲಿಲ್ಲ, ನಿಮಗ ಗೊತ್ತಿತ್ತಲ್ಲ!" ಎಂದುಬಿಟ್ಟೆ. ಅಂದದ್ದಕ್ಕೆ ಬಸ್ಸಿನಲ್ಲಿ ಪೂರ್ತಿ ದಾರಿ ಸಂಕಟಪಟ್ಟೆ. ಆದರೂ ಅಂದದ್ದು ಸುಳ್ಳಲ್ಲ.

ಜೂನ್ ಮೊದಲ ವಾರ ರೇಷ್ಮಾಳನ್ನು ಊರಿನ ಸರ್ಕಾರಿ ಶಾಲೆಗೆ ಆರನೇ ತರಗತಿಗೆ ಸೇರಿಸಲು ಮಾಬುಸಾಬನ ಜೊತೆ ನಾನೂ ಹೋದೆ. ದಾರಿಯುದ್ದಕ್ಕೂ ಅವನಿಗೆ ಹೇಳುತ್ತಲೇ ಇದ್ದೆ: ಬಿಡಿಸಬೇಡ್ರಿ, ಏಳನೇದಕ್ಕೆ ಬಿಡಿಸಬೇಡ್ರಿ. ಅವನು "ಇಲ್ರಿ ಅಕ್ಕೋರ" ಎನ್ನುತ್ತಲೇ ಇದ್ದ. ಆ "ಇಲ್ರಿ" ಎಷ್ಟು ಮೆತ್ತಗಿತ್ತೆಂದರೆ ಅದರ ಮೇಲೆ ಏನನ್ನೂ ನಿಲ್ಲಿಸುವ ಹಾಗಿರಲಿಲ್ಲ. ಅವನು ನನಗೆ ಒಮ್ಮೆಯಾದರೂ ಬೈದಿದ್ದರೆ ಛಲೋ ಇತ್ತು.

ಹೆಡ್‌ಮಾಸ್ತರರು ಹಿರಿಯರು, ನನಗೆ ಪರಿಚಯದವರು. ಪ್ಲಾಸ್ಟಿಕ್ ಕವರಿನಿಂದ ಟಿ.ಸಿ. ತೆಗೆದು, ನೀರು ಹಾಕಿದ ಪ್ಯಾಡಿನ ಮಸುಕು ಶಿಕ್ಕಾ ಮೇಲೆ ಬರುವಂತೆ ಅವರ ಮುಂದಿಟ್ಟೆ. ಅವರು ರೇಷ್ಮಾಳ ಹೆಸರು ಬರೆದುಕೊಂಡರು, ಆಧಾರ್ ನೋಡಿದರು, ಟಿ.ಸಿ.ಯನ್ನು ಓದದೆಯೇ ಒಂದು ದಪ್ಪ ಫೈಲಿನೊಳಗೆ ಸೇರಿಸಿದರು.

"ನೀವ್ಯಾಕ ಇದನ್ನ ಹಿಡ್ಕೊಂಡು ಬರಾಕ ಹೋದ್ರಿ ಟೀಚರ್? ಹುಡುಗಿನ್ನ ಕಳಿಸಿದ್ರ ಸಾಕಾಗಿತ್ತು. ಈ ಕಾಗದ ದೀಪಾವಳಿ ಮುಂದ ಕೊಟ್ರೂ ನಡೀತೈತ್ರಿ ನಮ್ಮಲ್ಲಿ."

ನಾನು ಖಾಲಿ ಪ್ಲಾಸ್ಟಿಕ್ ಕವರನ್ನು ಮಡಚಿ ಚೀಲಕ್ಕೆ ಹಾಕಿದೆ. ಮಾಬುಸಾಬ ನೆಲ ನೋಡುತ್ತಿದ್ದ. ರೇಷ್ಮಾ ಮಾತ್ರ ಮಾಸ್ತರರ ಹಿಂದಿನ ಗೋಡೆಯ ಮೇಲಿದ್ದ ಕರಿಹಲಗೆಯನ್ನು ನೋಡುತ್ತಿದ್ದಳು. ತರಗತಿವಾರು ಮಕ್ಕಳ ಸಂಖ್ಯೆ ಬರೆದು, ಕೊನೆಗೆ ಒಟ್ಟು ಹಾಕಿದ್ದ ಹಲಗೆ.

"ಸರ್, ಕೂಡಿಸೂದು ತಪ್ಪೈತ್ರಿ" ಎಂದಳು. "ಏಳು ಕಡಿಮಿ ಬಂದೈತಿ. ಮತ್ತ ಈಗ ನಾನೂ ಒಬ್ಬಾಕಿ."

ಮಾಸ್ತರರು ಕುರ್ಚಿ ತಿರುಗಿಸಿ, ಕನ್ನಡಕ ಏರಿಸಿ, ಬೆರಳು ಮಡಚಿ ಎಣಿಸತೊಡಗಿದರು. ನಾನು ಅವರು ಮುಗಿಸುವುದನ್ನು ಕಾಯದೆ ಎದ್ದು ಹೊರಗೆ ಬಂದೆ. ನನ್ನ ಶಾಲೆಯ ಮೊದಲ ಗಂಟೆಗೆ ತಡವಾಗಿತ್ತು.